ದಾರಿ ಯಾರಿಗೂ ಹೇಳಲ್ಲ ಅಂದೆಯಲ್ಲ

ಪುಟ್ಟಾ,

ನಿನ್ನ ಕಾಗದ ಮೂರು ಸಲ ಓದಿದೆ. ಕೆಲಸ ಬಿಡೋದು, ಅಪ್ಪನ ಸಿಟ್ಟು, ಅದೆಲ್ಲ ಇರಲಿ. ಅಮೆಜಾನ್ ಕಾಡಿನಲ್ಲಿ ಮರೆಯಾದ ನಗರ ಹುಡುಕುತ್ತೇನೆ ಅಂದಿದ್ದಕ್ಕೂ ನನಗೆ ಗಾಬರಿಯಿಲ್ಲ. ಕೊನೆಗೆ ಬರೆದಿದ್ದೀಯಲ್ಲ, 'ಬೇರೆಯವರು ಮೊದಲೇ ತಲುಪಿಬಿಟ್ಟರೆ ಕಷ್ಟ, ದಾರಿ ಯಾರಿಗೂ ಹೇಳಲ್ಲ, ನಿಮಗೂ' ಅಂತ. ಆ ಸಾಲಿಗೆ ನಿದ್ದೆ ಹೋಯಿತು.

ಬ್ರಿಟಿಷ್ ಅನ್ವೇಷಕ ಪರ್ಸಿ ಫಾಸೆಟ್ ಮಾಡಿದ್ದೂ ಇದನ್ನೇ ಅಲ್ವಾ? 'ಝಡ್' ಅಂತ ತಾನೇ ಹೆಸರಿಟ್ಟ ನಗರಕ್ಕಾಗಿ ಬ್ರೆಜಿಲ್‌ನ ಮಾಟೊ ಗ್ರೊಸೊ ಕಾಡು ಹೊಕ್ಕ, ಜೊತೆಗೆ ಮಗ ಜ್ಯಾಕ್, ಮಗನ ಗೆಳೆಯ. ದಾರಿ ಗುಟ್ಟು. ನಾವು ಬರದಿದ್ದರೆ ಹುಡುಕಿಕೊಂಡು ಯಾರೂ ಬರಬೇಡಿ ಅಂತ ಬೇರೆ ಹೇಳಿದ್ದ. 1925ರ ಮೇ 29ರ ಕಾಗದವೇ ಕೊನೆ. ಹೆಂಡತಿ ನೀನಾ 1954ರಲ್ಲಿ ಸಾಯುವ ತನಕ ಕಾದಳು. ಎಲ್ಲರೂ ಫಾಸೆಟ್ ಕಥೆ ಹೇಳುತ್ತಾರೆ, ನನಗೆ ಮಾತ್ರ ಯಾವಾಗಲೂ ಅವಳೇ ನೆನಪಾಗೋದು.

ಯಾಕೆ ಅಂದರೆ ನಾನೂ ಒಂದು ಸಲ ಹೇಳದೆ ಹೋದವನು. ನಿನ್ನ ವಯಸ್ಸೇ. ಹಳೇ ಕೋಟೆ ಇದೆ ಅಂತ ಯಾರೋ ಅಂದಿದ್ದಕ್ಕೆ ಒಬ್ಬನೇ ಕಾಡಿಗೆ ಹೋಗಿ, ಪೊದೆ ಮುಚ್ಚಿದ ಹಳ್ಳಕ್ಕೆ ಬಿದ್ದು ಕಾಲು ಉಳುಕಿಸಿಕೊಂಡು ಎರಡು ರಾತ್ರಿ ಅಲ್ಲೇ ಕಳೆದೆ. ತೆವಳಿಕೊಂಡು ಮನೆಗೆ ಬಂದಾಗ ಅಮ್ಮ ಬೈಯಲಿಲ್ಲ. ಆದರೆ ಆಮೇಲೆ ನಾನು ಹೊರಗಿದ್ದ ಯಾವ ರಾತ್ರಿಯೂ ಅವಳು ಬಾಗಿಲಿಗೆ ಚಿಲಕ ಹಾಕಲಿಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಕೋಟೆಯೂ ಸಿಗಲಿಲ್ಲ ಬಿಡು. ಆದರೆ ಮುಂದೆ ಫಾಸೆಟ್ ಹುಡುಕಿದ ಕಡೆಯೇ, ಶಿಂಗು ನದಿಯ ಮೇಲ್ಭಾಗದಲ್ಲಿ, ಹೆಕನ್‌ಬರ್ಗರ್ ಅನ್ನುವ ಪುರಾತತ್ವ ತಜ್ಞರು ಅಲ್ಲಿನ ಮೂಲನಿವಾಸಿ ಕುಯಿಕುರು ಜನರ ಜೊತೆ ಸೇರಿ ದೊಡ್ಡ ದೊಡ್ಡ ಊರುಗಳ ಗುರುತು ಪತ್ತೆಹಚ್ಚಿದರು. ಕಲ್ಲಿನ ಅರಮನೆಯಲ್ಲ, ಅಗಲವಾದ ರಸ್ತೆ, ಮಣ್ಣಿನ ದಿಬ್ಬ, ಊರ ಸುತ್ತ ಕಂದಕ. ಅದನ್ನು ಓದಿದ ದಿನ ನಾನು ಬಿದ್ದ ಹಳ್ಳ ನೆನಪಾಯಿತು. ಅದರ ಅಂಚು ಎಷ್ಟು ನೇರ ಇತ್ತು ಗೊತ್ತಾ! ಶಾಪ ಹಾಕಿ ಎದ್ದುಬಂದಿದ್ದೆ. ಯಾರು ತೋಡಿದ್ದೋ ಏನೋ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಜಾಸ್ತಿ ಇಲ್ಲ. ಅಲ್ಲಿನ ಜನರನ್ನು ಕೇಳಿಕೊಂಡೇ ಒಳಗೆ ಹೋಗು, ಅದು ಅವರ ಮನೆ. ಸೊಳ್ಳೆಪರದೆ ಮರೀಬೇಡ. ಇದೆಲ್ಲ ನಿನಗೆ ಗೊತ್ತಿರುತ್ತೆ, ಸುಮ್ನೆ ಬರೆದೆ.

ದಾರಿ ಮಾತ್ರ ಬರೆದಿಡು. ಕವರಿಗೆ ಅಂಟು ಹಾಕಿ, ವಾಪಸ್ ಬರುವ ತಾರೀಖು ಮೇಲೆ ಬರೆದು ಕೊಡು, ಆ ದಿನದ ತನಕ ನಾನು ಒಡೆಯಲ್ಲ, ಆಣೆ. ಅಂಕಿಗಳನ್ನು ಬಿಡಿಸಿ ಬರಿ ಮಾರಾಯ, ನಿನ್ನ 1 ಯಾವುದು 7 ಯಾವುದು ಅಂತ ಇವತ್ತಿಗೂ ನನಗೆ ಗೊತ್ತಾಗಲ್ಲ.

ನಿನ್ನ ದೊಡ್ಡಪ್ಪ