ನಂಬಿಕೆ ಬೇರೆಯಾದರೂ ಮಾತಾಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬರು ಇಲ್ಲಿ "ನನಗೆ ಪ್ರಾರ್ಥನೆಯಲ್ಲಿ ನಂಬಿಕೆ ಉಳಿದಿಲ್ಲ" ಎಂದು ಬರೆದು, ಎರಡೇ ನಿಮಿಷದಲ್ಲಿ ಅಳಿಸಿಬಿಟ್ಟರು. ನನಗೆ ತುಂಬಾ ಬೇಸರವಾಯಿತು.

1951ರಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಗೆರೆಗಳ ಉದ್ದ ಹೋಲಿಸುವ ಪ್ರಯೋಗವೊಂದನ್ನು ಪ್ರಕಟಿಸಿದರು. ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಎಷ್ಟೋ ಜನ ಕಣ್ಣಿಗೆ ಕಾಣುವ ಸರಿ ಉತ್ತರ ಬಿಟ್ಟು ಗುಂಪಿನ ಜೊತೆ ಹೋದರು. ಜೊತೆಗೆ ಒಬ್ಬರೇ ಒಬ್ಬರು ಸರಿ ಹೇಳುವವರಿದ್ದರೆ, ಹಾಗೆ ಮಣಿಯುವುದು ತೀರಾ ಕಡಿಮೆಯಾಯಿತು. ನಂಬಿಕೆಯನ್ನು ಗೆರೆಯಂತೆ ಅಳೆಯಲಾಗದು, ನಿಜ. ಆದರೂ ಆ ಒಬ್ಬರು ನಾವಾಗಬಹುದು ಅಲ್ವಾ?

ಒಪ್ಪದಿದ್ದರೆ ಪ್ರಶ್ನೆ ಕೇಳಿ, ಸುಮ್ನೆ ಗೇಲಿ ಬೇಡ. ಇಲ್ಲಿಯ ಮಾತಿನ ಸ್ಕ್ರೀನ್‌ಶಾಟ್ ಬರೆದವರ ಮನೆಯವರಿಗೆ ಖಂಡಿತ ಕಳಿಸಬೇಡಿ. ಅಳಿಸಿದವರೇ, ಮನಸ್ಸಾದಾಗ ಮತ್ತೆ ಬರೆಯಿರಿ. ನಾನು ಓದುತ್ತೇನೆ.