ತೊಟ್ಟಿಯ ಪಕ್ಕ ನಿಂತು ಲೆಕ್ಕ ಹಾಕು

ಕುವೆಂಪುನಗರ, ಮೈಸೂರು

ಚಿ. ಸಹನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಕಾರ್ಖಾನೆಯ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬ ಮಿತಿಯನ್ನು ಬಿಗಿ ಮಾಡಿದರೆ ಸಣ್ಣ ಘಟಕಗಳಿಗೆ ಎಷ್ಟು ಖರ್ಚು ಬೀಳುತ್ತದೆ, ಅವುಗಳಿಂದ ಅದು ಆಗುವ ಮಾತೇ ಎಂಬ ವರದಿ ನಿನ್ನ ಪಾಲಿಗೆ ಬಂದಿದೆಯೆಂದು ನಿನ್ನಮ್ಮ ಹೇಳಿದಳು. ಮಾಲೀಕರಿಗೆ ಪ್ರಶ್ನಾವಳಿ ಕಳಿಸಿ, ಅವರು ಬರೆದ ಅಂಕಿಗಳನ್ನು ಕೂಡಿಸುತ್ತೀಯಂತೆ. ಅದಕ್ಕೇ ಈ ಕಾಗದ.

ಹೆಬ್ಬಾಳದ ಒಂದು ಕ್ರೋಮ್ ಪ್ಲೇಟಿಂಗ್ ಘಟಕದಲ್ಲಿ ನಾನು ಹದಿನಾರು ವರ್ಷ ದುಡಿದೆ. ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಲೋಹದ ಸಾಮಾನನ್ನು ಮುಳುಗಿಸಿ, ಕರೆಂಟು ಹರಿಸಿ, ಅದಕ್ಕೆ ಕ್ರೋಮಿಯಂ ಲೇಪ ಕೊಡುವ ಕೆಲಸ. ಕರೆಂಟು ಹರಿದೊಡನೆ ತೊಟ್ಟಿಯಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ. ಒಂದೊಂದೂ ಕ್ರೋಮಿಕ್ ಆಮ್ಲದ ಸಣ್ಣ ಹನಿಯನ್ನು ಗಾಳಿಗೆ ಚಿಮ್ಮಿಸುತ್ತದೆ. ಸಂಜೆ ಮೂಗು ಸೀಂಟಿದರೆ ಕರವಸ್ತ್ರದಲ್ಲಿ ಹಳದಿ ಬಣ್ಣ, ಜೊತೆಗೊಂದು ರಕ್ತದ ಎಳೆ. ನನ್ನ ಮೂಗಿನ ನಡುಗೋಡೆಯಲ್ಲಿ ತೂತಾಗಿರುವುದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಕೆಟ್ಟ ಗಾಳಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಹಾಕಿಸಿ ಎಂದು ಕೇಳಿದಾಗ ಮಾಲೀಕರು ಹೇಳಿದ ಮೊತ್ತಕ್ಕೆ ನಾವು ಬಾಯಿ ಮುಚ್ಚಿಕೊಂಡೆವು. ಎಷ್ಟೋ ವರ್ಷಗಳ ಮೇಲೆ ದ್ರಾವಣದ ಮೇಲೆ ತೇಲುವ ಪ್ಲಾಸ್ಟಿಕ್ ಚೆಂಡುಗಳನ್ನು ಹರಡಿದರು, ಹನಿ ಏಳದಂತೆ ತಡೆಯುವ ಔಷಧ ಬೆರೆಸಿದರು. ಅಷ್ಟಕ್ಕೇ ಮೂಗಿನ ಉರಿ ಅರ್ಧ ಇಳಿಯಿತು. ಎಕ್ಸಾಸ್ಟ್ ಬೇಡವೆಂದಲ್ಲ, ಬೇಕೇ ಬೇಕು. ಆದರೆ ಹನಿ ಹುಟ್ಟುವಲ್ಲೇ ತಡೆದರೆ ಎಕ್ಸಾಸ್ಟಿನ ಮೇಲಿನ ಹೊರೆ ತಗ್ಗುತ್ತದೆ. ಆ ಚೆಂಡುಗಳ ಬೆಲೆಯನ್ನು ಯಾವ ಪ್ರಶ್ನಾವಳಿಯಲ್ಲಿ ಯಾರು ಬರೆದಾರು? ತೊಟ್ಟಿಯ ಪಕ್ಕ ನಿಂತು, ಕೆಲಸದವರನ್ನು ಕೇಳು.

ಮಿತಿ ಬಿಗಿ ಮಾಡಿದರೆ ಮುಳುಗಿಹೋಗುತ್ತೇವೆ ಎಂಬ ಮಾಲೀಕರ ಕೂಗು ಹೊಸದಲ್ಲ. 1974ರಲ್ಲಿ ಅಮೆರಿಕದಲ್ಲಿ, ಪಿವಿಸಿ ಪ್ಲಾಸ್ಟಿಕ್ ಮಾಡಲು ಬಳಸುವ ವಿನೈಲ್ ಕ್ಲೋರೈಡ್ ಅನಿಲದ ಮಿತಿಯನ್ನು ದಶಲಕ್ಷಕ್ಕೆ 500 ಭಾಗದಿಂದ 1 ಭಾಗಕ್ಕೆ ಇಳಿಸಿದಾಗಲೂ ಕಾರ್ಖಾನೆಗಳು ಮುಚ್ಚಿಹೋಗುತ್ತವೆ ಎಂದರು. ಉದ್ಯಮ ಉಳಿಯಿತು, ಗಾಳಿಗೆ ಹೋಗುತ್ತಿದ್ದ ಅನಿಲವನ್ನೇ ಹಿಡಿದು ಮತ್ತೆ ಬಳಸುವುದನ್ನು ಕಲಿತರು.

ಹಾಗೆಂದು ಆತುರಪಡಬೇಡ. ಅಲ್ಲಿಯೇ 1989ರಲ್ಲಿ 428 ವಸ್ತುಗಳ ಮಿತಿಯನ್ನು ಒಂದೇ ನಿಯಮದಲ್ಲಿ ತಂದರು. ಒಂದೊಂದು ವಸ್ತುವಿನ ಅಪಾಯವನ್ನೂ, ಆಯಾ ಉದ್ಯಮಕ್ಕೆ ಅದು ಸಾಧ್ಯವೆಂಬುದನ್ನೂ ಬೇರೆಬೇರೆಯಾಗಿ ತೋರಿಸಿಲ್ಲವೆಂದು 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಇಡೀ ನಿಯಮವನ್ನೇ ರದ್ದು ಮಾಡಿತು. ಆಮೇಲೆ ಬಹುಪಾಲು ವಸ್ತುಗಳಿಗೆ 1971ರ ಹಳೆಯ ಮಿತಿಯೇ ಉಳಿಯಿತು. ಅದರಿಂದ ನಷ್ಟವಾದದ್ದು ಕಾರ್ಮಿಕರಿಗೇ. ನಮ್ಮಲ್ಲಿ ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಇಂಥ ಮಿತಿಗಳ ಪಟ್ಟಿ ಸೇರಿತು. ಅಷ್ಟು ಹೆಣ ಬಿದ್ದ ಮೇಲೆ ಬಂದದ್ದು ಎನ್ನುವುದು ನಿನ್ನ ನೆನಪಿನಲ್ಲಿರಲಿ. ಆ ನ್ಯಾಯಾಲಯ ಕೇಳಿದಂತೆ ಒಂದೊಂದು ಉದ್ಯಮವನ್ನೂ ಬೇರೆಯಾಗಿ ನೋಡು, ಪ್ಲೇಟಿಂಗನ್ನೂ ಪೇಂಟಿಂಗನ್ನೂ ಒಂದೇ ಸಾಲಿಗೆ ಸೇರಿಸಬೇಡ. ತಂತ್ರದಿಂದ ಆಗುತ್ತದೆಯೇ ಎಂಬುದು ಒಂದು ಪ್ರಶ್ನೆ, ಹಣದಿಂದ ಆಗುತ್ತದೆಯೇ ಎಂಬುದು ಇನ್ನೊಂದು. ಗಾಳಿಯನ್ನು ವರ್ಷ ವರ್ಷ ಅಳೆಸುವ ಖರ್ಚನ್ನೂ ಬಿಡಬೇಡ, ಸಣ್ಣವರಿಗೆ ಅದೇ ಭಾರ.

ನನ್ನ ಆಸ್ಪತ್ರೆಯ ಚೀಟಿಗಳೂ ಸಂಬಳವಿಲ್ಲದೆ ಮನೆಯಲ್ಲಿ ಕುಳಿತ ದಿನಗಳ ಲೆಕ್ಕವೂ ಟ್ರಂಕಿನಲ್ಲಿವೆ. ಮುಂದಿನ ಭಾನುವಾರ ಬಾ, ಕೊಡುತ್ತೇನೆ. ಮಿತಿಯನ್ನು ಬದಲಿಸದೆ ಬಿಟ್ಟರೆ ಬೀಳುವ ಖರ್ಚು ಎಂದು ಒಂದು ಕಾಲಂ ಹಾಕಿ, ಅವನ್ನು ಅದರಲ್ಲಿ ಬರೆದುಕೋ.

ಇಂತಿ ನಿನ್ನ,
ದೊಡ್ಡಪ್ಪ