ಸಭೆಗೆ ಕರೆಯದ ಕಯಿಯಾನ: ಮಂಜನಿಗೊಂದು ಪತ್ರ

ಪ್ರೀತಿಯ ಮಂಜ,

ಇದನ್ನು ನಿನ್ನೊಬ್ಬನಿಗೇ ಕಳಿಸಿದ್ದರೆ ನೀನು ಓದುತ್ತಿರಲಿಲ್ಲ. "ಉದ್ದ ಆಯ್ತು ಮಾರಾಯ, ಫೋನ್ ಮಾಡು" ಅನ್ನುತ್ತಿದ್ದೆ. ಯಾರಾದರೂ ಮೀನು ಮಾರ್ಕೆಟಿನಲ್ಲಿ ಸಿಕ್ಕಿ "ನಿನಗೆ ಏನೋ ಪತ್ರ ಬರೆದಿದ್ದಾನಂತಲ್ಲ" ಅಂದರೆ ಮಾತ್ರ ನೀನು ಓದುವುದು. ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಉಳಿದವರು, ಕಂಡಕ್ಟರ್ ವಿಷಯ ಬಂದರೆ ಹಾರಿಸಿಕೊಂಡು ಓದಿ. ಅದು ನಮ್ಮಿಬ್ಬರಿಗೆ ಬಿಟ್ಟದ್ದು.

ರಾತ್ರಿಯೆಲ್ಲ ಲೈಟ್ ಹಾಕಿಕೊಂಡು ಏನು ನೋಡ್ತೀಯ ಅಂತ ಕೇಳಿದ್ದೆಯಲ್ಲ. 'ಚೀಫ್ ಆಫ್ ವಾರ್' ಅಂತ ಒಂದು ಧಾರಾವಾಹಿ. ಆಪಲ್ ಟಿವಿಯಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಒಟ್ಟು 9 ಕಂತು. ನಿನ್ನ ಮಗ ಗೋಡೆಗೆ ಅಂಟಿಸಿಕೊಂಡಿದ್ದಾನಲ್ಲ ಆಕ್ವಾಮ್ಯಾನ್, ಆ ಜೇಸನ್ ಮೊಮೊವಾ ಇದರ ನಾಯಕ. ಥಾಮಸ್ ಪಾ ಸಿಬೆಟ್ ಜೊತೆ ಸೇರಿ ಇದನ್ನು ಕಟ್ಟಿದವನೂ ಅವನೇ, ಕೊನೆಯ ಕಂತು ನಿರ್ದೇಶಿಸಿದವನೂ ಅವನೇ. ಹವಾಯಿಯಲ್ಲಿ ಹುಟ್ಟಿದವನು. ತನ್ನ ಜನರ ಕತೆ ಅಂತ ಅವನಿಗೆ ಹಟ ಇತ್ತು ಅಂತ ಕಾಣುತ್ತದೆ.

ಕತೆ 18ನೇ ಶತಮಾನದ ಕೊನೆಯದು. ಹವಾಯಿ ಅಂದರೆ ಒಂದೇ ದ್ವೀಪ ಅಲ್ಲ, ದ್ವೀಪಗಳ ಗುಂಪು. ದ್ವೀಪಕ್ಕೊಬ್ಬ ದೊರೆ. ಮಾವಿಯ ಮುದಿ ದೊರೆ ಕಹೇಕಿಲಿ ಪಕ್ಕದ ಓವಾಹುವನ್ನು ನುಂಗುತ್ತಾನೆ. ಅವನ ಮೈಯ ಅರ್ಧ ಭಾಗಕ್ಕೆ ಕಪ್ಪು ಹಚ್ಚೆ. ಟೆಮುಎರಾ ಮಾರಿಸನ್ ಆ ಪಾತ್ರ ಮಾಡಿದ್ದಾನೆ, ನೋಡಿದರೆ ನಮ್ಮ ಕಡೆಯ ಒಳ್ಳೆಯ ರಾಕ್ಷಸ ವೇಷದ ನೆನಪಾಗುತ್ತದೆ. ಅತ್ತ ಹವಾಯಿ ಅಂತಲೇ ಹೆಸರಿರುವ ದ್ವೀಪದಲ್ಲಿ ಕಮೇಹಮೇಹ ಮತ್ತು ಅವನ ದಾಯಾದಿ ಕೆಯೋವಾ ನಡುವೆ ಗದ್ದುಗೆಯ ಜಗಳ. ದಾಯಾದಿ ಜಗಳ ಅಂದರೆ ನಮಗೇನು ಹೊಸದಲ್ಲ ಬಿಡು, ನಿಮ್ಮ ತೋಟದ ಬೇಲಿ ಕೇಸು ಎಲ್ಲಿಗೆ ಬಂತು?

ಮಾತುಕತೆ ಹೆಚ್ಚಿನಂಶ ಹವಾಯಿ ಭಾಷೆಯಲ್ಲೇ ಇದೆ. ಇಷ್ಟು ದುಡ್ಡು ಸುರಿದ ಅಮೆರಿಕದ ಧಾರಾವಾಹಿಯಲ್ಲಿ ಇದು ಸಣ್ಣ ಸಂಗತಿ ಅಲ್ಲ. 1893ರಲ್ಲಿ ಅಲ್ಲಿನ ರಾಣಿಯನ್ನು ಗದ್ದುಗೆಯಿಂದ ಇಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಎಂದು ಕಾನೂನು ಬಂತು. ಮತ್ತೆ ಸರ್ಕಾರಿ ಶಾಲೆಯಲ್ಲಿ ಹವಾಯಿ ಮಾಧ್ಯಮದ ತರಗತಿ ಬರಲು 1987 ಆಗಬೇಕಾಯಿತು. ನಡುವೆ ಎಷ್ಟು ತಲೆಮಾರು ಅಂತ ನೀನೇ ಲೆಕ್ಕ ಹಾಕು. ಕಮೇಹಮೇಹನ ಪಾತ್ರ ಮಾಡಿದ ಕಾಯಿನಾ ಮಾಕುವಾ ಮೊದಲು ನಟನೇ ಅಲ್ಲ, ಕವಾಯಿ ದ್ವೀಪದಲ್ಲಿ ಕೆಸು ಬೆಳೆಯುವ ರೈತ. ಅದೇ ಕೆಸು ಮಾರಾಯ, ನಿನ್ನಮ್ಮ ಪತ್ರೊಡೆ ಮಾಡುವ ಕೆಸು. ನಾವು ಎಲೆಗೆ ಮನಸೋತವರು, ಅವರು ಗಡ್ಡೆಗೆ. ಆ ಮನುಷ್ಯ ಸುಮ್ಮನೆ ನಿಂತರೂ ದೊರೆಯ ಹಾಗೆ ಕಾಣುತ್ತಾನೆ. ಮೊಮೊವಾ ಕೂಗಾಡಿದಾಗ ಆಗದ ಭಯ ಇವನು ಸುಮ್ಮನಿದ್ದಾಗ ಆಗುತ್ತದೆ.

ಇಷ್ಟು ಹೇಳಿ "ನೋಡು, ಚೆನ್ನಾಗಿದೆ" ಅಂತ ಮುಗಿಸುವ ಆಲೋಚನೆ ಇತ್ತು. ಆದರೆ ಮೊಮೊವಾ ಮಾಡಿದ ಕಯಿಯಾನನ ಪಾತ್ರ ನನ್ನನ್ನು ಬಿಡಲಿಲ್ಲ. ಅವನು ನಿಜವಾಗಿ ಇದ್ದ ಮನುಷ್ಯ. ಧಾರಾವಾಹಿ ಮುಗಿದ ಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಬಾರದಿತ್ತೇನೋ.

1787ರಲ್ಲಿ ಜಾನ್ ಮೀರ್ಸ್ ಎಂಬ ಇಂಗ್ಲಿಷ್ ವ್ಯಾಪಾರಿಯ 'ನೂಟ್ಕಾ' ಹಡಗು ಕವಾಯಿಗೆ ಬಂದಾಗ ಕಯಿಯಾನ ಅದನ್ನು ಹತ್ತಿ ಚೀನಾದ ಕ್ಯಾಂಟನ್ನಿಗೆ ಹೊರಟ. (ಆ ಹಡಗು ಹಿಂದಿನ ವರ್ಷ ಹೊರಟಿದ್ದು ನಮ್ಮ ಕಲ್ಕತ್ತೆಯಿಂದ.) ಅಷ್ಟು ದೂರದ ನಾಡು ನೋಡಿ ಬಂದ ಹವಾಯಿ ಸರದಾರರಲ್ಲಿ ಅವನೇ ಮೊದಲಿಗ. ಆರಡಿ ಐದಿಂಚು ಎತ್ತರ ಅಂತ ಮೀರ್ಸ್ ಬರೆದಿದ್ದಾನೆ. ಗರಿಯ ನಿಲುವಂಗಿ, ಗರಿಯ ಶಿರಸ್ತ್ರಾಣ ತೊಟ್ಟು ಪೇಟೆಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರಂತೆ. ಒಂದು ದಿನ ಹಣ್ಣಿನವಳ ಹತ್ತಿರ ಕಿತ್ತಳೆ ಎತ್ತಿಕೊಂಡು ಬದಲಿಗೆ ಎರಡು ಕಬ್ಬಿಣದ ಮೊಳೆ ಕೊಟ್ಟ. ಅವನೂರಲ್ಲಿ ಮೊಳೆಗೆ ಚಿನ್ನದ ಬೆಲೆ, ಜಾಸ್ತಿಯೇ ಕೊಟ್ಟೆ ಅಂದುಕೊಂಡಿದ್ದ. ಅವಳು ಗಲಾಟೆ ಮಾಡಿದಾಗ ಇವನಿಗೆ ಆಶ್ಚರ್ಯ. ಮಸ್ಕತ್‌ನಲ್ಲಿ ನಾನು ಮೊದಲ ಸಲ ಟ್ಯಾಕ್ಸಿ ಹತ್ತಿದ ಕತೆ ನಿನಗೆ ಗೊತ್ತಲ್ಲ, ಅದೇ.

ವಾಪಸ್ ಬರುವ ದಾರಿಯಲ್ಲಿ ಹಡಗಿನಲ್ಲಿ ಅವನೂರಿನವಳೇ ಆದ ವೈನೀ ಎಂಬ ಹೆಣ್ಣುಮಗಳಿದ್ದಳು. ಒಬ್ಬ ಕಪ್ತಾನನ ಹೆಂಡತಿಯ ಸೇವೆಗೆಂದು ಹೊರಟು ಬಂದವಳು, ಕಾಯಿಲೆ ಬಿದ್ದು ಮನೆಗೆ ಮರಳುತ್ತಿದ್ದಳು. 1788ರ ಫೆಬ್ರವರಿಯಲ್ಲಿ ಸಮುದ್ರದ ಮೇಲೇ ತೀರಿಕೊಂಡಳು. ಸಾಯುವ ಮೊದಲು ತನ್ನ ಕನ್ನಡಿ ಮತ್ತು ಚೀನೀ ಪಿಂಗಾಣಿಯ ಬಟ್ಟಲನ್ನು ಕಯಿಯಾನನಿಗೆ ಕೊಟ್ಟಳು, ಅವನ ಹೆಂಡತಿಗೆ ಒಂದು ಗೌನು. ಉಳಿದದ್ದನ್ನು ನನ್ನ ಮನೆಗೆ ಮುಟ್ಟಿಸು ಅಂದಳು. ಇದು ಧಾರಾವಾಹಿಯಲ್ಲಿಲ್ಲ. ಅವರು ಅವನನ್ನು ಫಿಲಿಪ್ಪೀನ್ಸ್‌ನ ಜಾಂಬೋಂಗಾ ಬಂದರಿಗೆ ಕಳಿಸಿ ಬೇರೆ ಕತೆ ಹೆಣೆದಿದ್ದಾರೆ. ನನಗೆ ಕೇಳಿದ್ದರೆ ಒಂದಿಡೀ ಕಂತು ಆ ಹಡಗಿನಲ್ಲೇ ಇಡುತ್ತಿದ್ದೆ. ನನಗೆ ಯಾರು ಕೇಳ್ತಾರೆ.

1788ರ ಡಿಸೆಂಬರ್‌ನಲ್ಲಿ ದ್ವೀಪಗಳಿಗೆ ಮರಳಿದ. ಹೊರಟ ಊರಾದ ಕವಾಯಿಗೆ ಹೋಗುವಂತಿರಲಿಲ್ಲ. ಅಲ್ಲಿನ ದೊರೆ ಈಗ ವೈರಿ. ಆಗ ಕಮೇಹಮೇಹ "ನಮ್ಮಲ್ಲಿಗೆ ಬಾ" ಅಂದ. ಸುಮ್ನೆ ಪ್ರೀತಿಗೆ ಕರೆದನೇ? ಕಯಿಯಾನನ ಜೊತೆ ಬಂದೂಕು, ಮದ್ದು ಬಂದಿತ್ತು. ಅದನ್ನು ಬಳಸುವವರ ನಡುವೆ ಇದ್ದು ಬಂದವನೂ ಅವನೇ. ಹಾಗಾಗಿ ಭೂಮಿ ಸಿಕ್ಕಿತು, ಪದವಿ ಸಿಕ್ಕಿತು.

ಆಮೇಲೆ 1790 ಬಂತು. ಮಾವಿಯ ಓಲೊವಾಲು ಊರಿನ ಮುಂದೆ ಸೈಮನ್ ಮೆಟ್ಕಾಫ್ ಎಂಬ ಅಮೆರಿಕದ ವ್ಯಾಪಾರಿ, ಕದ್ದ ಒಂದು ದೋಣಿಯ ಸೇಡಿಗೆ, ವ್ಯಾಪಾರಕ್ಕೆ ಬನ್ನಿ ಅಂತ ಜನರನ್ನು ಹತ್ತಿರ ಕರೆದು ಫಿರಂಗಿ ಹಾರಿಸಿದ. ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಅವನ ಮಗನ ಸಣ್ಣ ಹಡಗು ಕಮೇಹಮೇಹನ ಕಡೆಯವರ ಕೈಗೆ ಸಿಕ್ಕಿತು. ಮಗನೂ ಸತ್ತ. ಉಳಿದವನು ಐಸಾಕ್ ಡೇವಿಸ್ ಒಬ್ಬನೇ. ಅಪ್ಪನ ಹಡಗಿನಿಂದ ದಡಕ್ಕಿಳಿದಿದ್ದ ಜಾನ್ ಯಂಗ್‌ನನ್ನೂ ಹಿಡಿದಿಟ್ಟುಕೊಂಡರು. ಈ ಇಬ್ಬರು ಬಿಳಿಯರು ಕಮೇಹಮೇಹನ ಫಿರಂಗಿ ನೋಡಿಕೊಳ್ಳತೊಡಗಿದರು.

ಕಯಿಯಾನನ ದೆಸೆ ತಿರುಗಿದ್ದು ಇಲ್ಲೇ ಅಂತ ನನ್ನ ಎಣಿಕೆ. ಬಂದೂಕಿಗೆ ಬೇರೆ ಜನ ಸಿಕ್ಕರು. ಇನ್ನು ಇವನು ಯಾಕೆ? 1793ರಲ್ಲಿ ಬಂದ ಇಂಗ್ಲಿಷ್ ಕಪ್ತಾನ ವ್ಯಾಂಕೂವರ್‌ಗೂ ಇವನ ಮೇಲೆ ನಂಬಿಕೆ ಇರಲಿಲ್ಲ, ಅವನಿಗೆ ಮೆಚ್ಚುಗೆಯಾದವನು ಕಮೇಹಮೇಹನೇ. ಹಳೆಯ ಸರದಾರರಿಗೆ ಮೊದಲಿಂದಲೂ ಅನುಮಾನ: ಇವನು ನಮ್ಮವನೇ, ಬಂದವನೇ? ಕಮೇಹಮೇಹನ ರಾಣಿ ಕಾಹುಮಾನು ಜೊತೆ ಕಯಿಯಾನನಿಗೆ ಏನೋ ಇದೆ ಅಂತ ಗುಸುಗುಸು ಬೇರೆ. ಧಾರಾವಾಹಿಯವರು ಅದನ್ನು ಬಿಡುತ್ತಾರಾ, ಚೆನ್ನಾಗಿ ಹಿಂಡಿದ್ದಾರೆ.

1795ರಲ್ಲಿ ಕಮೇಹಮೇಹ ಓವಾಹು ಮೇಲೆ ದಂಡು ಹೊರಟ. ದೋಣಿಗಳು ದಾರಿಯಲ್ಲಿ ಮೊಲೊಕಾಯಿ ದ್ವೀಪದಲ್ಲಿ ತಂಗಿದವು. ಅಲ್ಲಿ ದೊರೆ ಸಭೆ ಕರೆದ. ಸರದಾರರೆಲ್ಲ ಕೂತರು. ಕಯಿಯಾನನನ್ನು ಕರೆಯಲಿಲ್ಲ. ಹವಾಯಿಯ ಇತಿಹಾಸಕಾರರು 19ನೇ ಶತಮಾನದಲ್ಲಿ ತಮ್ಮ ಭಾಷೆಯಲ್ಲೇ ಬರೆದಿಟ್ಟ ಸಂಗತಿ ಇದು. ಅಲ್ಲಿ ಏನು ಮಾತಾಡಿದಿರಿ ಅಂತ ಅವನು ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದ. ಯಾರೂ ಬಾಯಿ ಬಿಡಲಿಲ್ಲ. ನನ್ನನ್ನು ಮುಗಿಸುವ ಮಾತೇ ಆಗಿರಬೇಕು ಅಂತ ಅವನಿಗೆ ಖಾತ್ರಿಯಾಯಿತು. ಓವಾಹುಗೆ ದಾಟುವಾಗ ತನ್ನ ದೋಣಿಗಳನ್ನು ಬೇರೆ ಕಡೆ ತಿರುಗಿಸಿ ವೈರಿಯ ಪಾಳಯ ಸೇರಿದ. ಹೆಂಡತಿ ಜೊತೆಗೆ ಹೋಗಲಿಲ್ಲ. ಅವಳು ಕಮೇಹಮೇಹನ ದಂಡಿನಲ್ಲೇ ಉಳಿದಳು. ಓವಾಹುವಿನ ನೂವಾನು ಕಣಿವೆಯ ಯುದ್ಧದಲ್ಲಿ ಅವನು ಗುಂಡು ತಗುಲಿ ಸತ್ತ. ಅವನ ಕಡೆಯವರನ್ನು ಅಟ್ಟಿಕೊಂಡು ಹೋಗಿ ಬಂಡೆಯ ಅಂಚಿನಿಂದ ಕೆಳಗೆ ಬೀಳಿಸಿದರು. ಅಲ್ಲೇ ರಸ್ತೆ ಮಾಡುವಾಗ, 1898ರ ಹೊತ್ತಿಗೆ, ಸುಮಾರು 800 ತಲೆಬುರುಡೆ ಸಿಕ್ಕವು.

9ನೇ ಕಂತು ಕೆಯೋವಾ ವಿರುದ್ಧ ಕಪ್ಪು ಲಾವಾ ನೆಲದ ಯುದ್ಧಕ್ಕೆ ನಿಲ್ಲುತ್ತದೆ. ಮೊಮೊವಾ ಅಲ್ಲಿ ಇನ್ನೂ ವೀರ. ಮೊಲೊಕಾಯಿಯ ಸಭೆ ಇನ್ನೂ ಆಗಿಲ್ಲ. ಅದಕ್ಕೇ ನೋಡಿ ಮುಗಿಸಿದ ಮೇಲೆ ಹೆಚ್ಚು ಕಷ್ಟವಾಗಿದ್ದು.

ಮಂಜ, ಆ ಸಭೆಯ ಸಂಗತಿ ಓದಿ ನಾನು ಎದ್ದು ನೀರು ಕುಡಿದು ಬಂದೆ. ಅವನಿಗೆ ಖಾತ್ರಿಯಾಗಿದ್ದು ನಿಜವೋ ಸುಳ್ಳೋ, ಆ ಯೋಚನೆಯೇ ಬರಲಿಲ್ಲ. ಅವನು ಒಬ್ಬೊಬ್ಬರ ಹತ್ತಿರ ಹೋಗಿ, ಏನೂ ಆಗದವರ ಹಾಗೆ ಮುಖ ಮಾಡಿಕೊಂಡು, "ಏನು ಮಾತಾಡಿದಿರಿ" ಅಂತ ಕೇಳಿದ್ದನಲ್ಲ, ಆ ದನಿ ನನಗೆ ಗೊತ್ತು.

'ಏಳನೇ ಬೆಂಚು' ಅಂತ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ನಾನು ಇಲ್ಲದ್ದು. ನನಗೆ ಯಾರೋ ಒಂದು ಜೋಕಿನ ಸ್ಕ್ರೀನ್‌ಶಾಟ್ ಕಳಿಸಿದಾಗ ಮೇಲೆ ಹೆಸರು ಕಂಡಿತು. ಜೋಕಿಗೆ ನಗುವ ಚಿತ್ರ ಹಾಕಿ ಸುಮ್ಮನಾದೆ. ಆಗಲೇ ಅರ್ಥವಾಯಿತು, ನಾನಿರುವ ಗ್ರೂಪಿನಲ್ಲಿ ಬೆಳಗಾದರೆ ಗುಲಾಬಿ ಹೂವು, ಹುಟ್ಟುಹಬ್ಬಕ್ಕೆ ಕೇಕು ಮಾತ್ರ ಯಾಕೆ ಬರುತ್ತದೆ ಅಂತ. ಕಾಸರಕೋಡ ದಂಡೆಯಲ್ಲಿ ನೀವೆಲ್ಲ ಬಂಗಡೆ ಸುಟ್ಟ ಫೋಟೋ ನಾನು ನೋಡಿದ್ದು ಯಾರದೋ ಹೆಂಡತಿಯ ಸ್ಟೇಟಸ್‌ನಲ್ಲಿ. ನೀನು ಆ ಗ್ರೂಪಿನಲ್ಲಿ ಇದ್ದೀಯಾ ಅಂತ ನಾನು ಕೇಳಲ್ಲ. ಆದರೆ ಆ ಬೆಂಚಿನ ಮೇಲೆ ಕಂಪಾಸಿನಿಂದ ಹೆಸರು ಕೊರೆದು ಹೆಡ್‌ಮಾಸ್ಟರ ಕೈಲಿ ಹೊಡೆತ ತಿಂದವನು ಯಾರು ಅಂತ ಆ ಗ್ರೂಪಿನವರಿಗೆ ನೆನಪಿರಬೇಕಲ್ಲ.

ನಾನು ರಜೆಗೆ ಬರುತ್ತಿದ್ದಾಗ ಹೀಗಿರಲಿಲ್ಲ. ಟ್ಯಾಂಗ್ ಡಬ್ಬ, ಖರ್ಜೂರ, ಅತ್ತರು, ಟೈಗರ್ ಬಾಮ್. ಬಸ್ ಸ್ಟ್ಯಾಂಡಿಗೇ ಬಂದು ಚೀಲ ಹೊರುತ್ತಿದ್ದಿರಿ. ಪೂರ್ತಿ ಬಂದುಬಿಟ್ಟೆ ನೋಡು, ತಪ್ಪಾಗಿದ್ದು ಅಲ್ಲೇ ಇರಬೇಕು. ಈಗ ಟ್ಯಾಂಗ್ ಹೊನ್ನಾವರದ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಜೊತೆಗೆ ನಾನೂ ಸಾಧುವಲ್ಲ, "ಮಸ್ಕತ್‌ನಲ್ಲಿ ರಸ್ತೆ ಹೀಗಿರಲ್ಲ" ಅಂತ ಶುರು ಮಾಡಿದರೆ ನನ್ನ ಬಾಯಿ ನನಗೇ ಕೇಳುವುದಿಲ್ಲ. ಅಲ್ಲಿದ್ದಾಗ ಊರಿನ ಮಳೆ, ಊರಿನ ಆಟ, ಊರಿನ ಮೀನು ಅಂತ ರೂಮಿನವರ ತಲೆ ತಿಂದವನೂ ಇದೇ ಮನುಷ್ಯ. ಎರಡೂ ಕಡೆ ಇನ್ನೊಂದು ಕಡೆಯವನು.

ಇದನ್ನು ಬರೆಯುವುದು ಬೇಡ ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಹೋದ ವಾರ ಮಸ್ಕತ್‌ನ ಹಳೆಯ ಕಂಪನಿಗೆ ಒಂದು ಮೇಲ್ ಹಾಕಿದ್ದೇನೆ. ಜಾಗ ಇದ್ದರೆ ಹೇಳಿ ಅಂತ. ಹೆಂಡತಿಗೆ ಹೇಳಿಲ್ಲ.

(ಈಗ ಹೇಳಿದ ಹಾಗಾಯ್ತು. ಅವಳು ಇಲ್ಲಿ ನನ್ನ ಎಲ್ಲ ಬರಹಕ್ಕೂ ಮೊದಲ ಲೈಕ್ ಒತ್ತುವವಳು. ಕಯಿಯಾನನ ಹೆಂಡತಿ ಮಾಡಿದ್ದನ್ನೇ ಇವಳೂ ಮಾಡುತ್ತಾಳೆ. "ನೀನು ಬೇಕಾದರೆ ಹೋಗು, ನನ್ನ ಮಲ್ಲಿಗೆ ಗಿಡ ಯಾರು ನೋಡುತ್ತಾರೆ" ಅನ್ನುತ್ತಾಳೆ.)

ಕಂಪನಿಯಿಂದ ಉತ್ತರ ಬಂದಿಲ್ಲ. ಬಹುಶಃ ಅಲ್ಲೂ ನಾನಿಲ್ಲದ ಒಂದು ಗ್ರೂಪ್ ಮಾಡಿಕೊಂಡಿದ್ದಾರೆ.

ಇರಲಿ ಬಿಡು. ನನ್ನ ಎತ್ತರ ಐದಡಿ ನಾಲ್ಕಿಂಚು, ಗರಿಯ ಅಂಗಿ ಇಲ್ಲ, ಸೊಂಟಕ್ಕೆ ಬೆಲ್ಟು. ದಂಡು ಬಿಟ್ಟು ಹೋಗಲು ಬೈಕಿನಲ್ಲಿ ಪೆಟ್ರೋಲ್ ಇಲ್ಲ. ನೂವಾನುವಿನಲ್ಲಿ ನನ್ನನ್ನು ಯಾರೂ ದೂಡುವುದು ಬೇಕಿಲ್ಲ, ನಾನೇ ಚಪ್ಪಲಿ ಜಾರಿ ಬೀಳುತ್ತೇನೆ. ಕಂಡಕ್ಟರ್ ಆವತ್ತು ಹೇಳಿದ್ದು ಸರಿ.

ಶನಿವಾರ ಅಂಗಡಿ ಬೇಗ ಮುಚ್ಚಿ ಮನೆಗೆ ಬಾ. ಮೊದಲ ಎರಡು ಕಂತು ಒಟ್ಟಿಗೆ ನೋಡೋಣ. ಶಾರ್ಕ್ ಹಿಡಿಯುವ ದೃಶ್ಯದಿಂದ ಶುರು, ನಿನಗೆ ಹಿಡಿಸುತ್ತದೆ. ಬರಲಾಗದಿದ್ದರೆ ಪಾಸ್‌ವರ್ಡ್ ಕಳಿಸುತ್ತೇನೆ, ನಿನಗೊಬ್ಬನಿಗೆ. ದಯವಿಟ್ಟು ಅದನ್ನು ಏಳನೇ ಬೆಂಚಿಗೆ ಹಾಕಬೇಡ ಮಾರಾಯ. ನನ್ನ ಹತ್ತಿರ ಉಳಿದಿರುವ ಮದ್ದುಗುಂಡು ಅದೊಂದೇ.

ನಿನ್ನ,
ಮಸ್ಕತ್ ಮಾಮ
(ನಿನ್ನ ಮಗ ಇಟ್ಟ ಹೆಸರು. ಅವನಿಗೆ ಹೇಳು, ಆಕ್ವಾಮ್ಯಾನ್ ಕ್ಷೇಮ.)